ಬೆಡ್‌ಶೀಟ್ ಮಡಚುತ್ತಿದ್ದ ಅಮ್ಮ

ಅಮ್ಮ ತೊಂಬತ್ತೊಂದು ವರ್ಷ ಬದುಕಿದಳು. ಅದರಲ್ಲಿ ಮೂವತ್ತು ವರ್ಷ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡಿದಳು. ಯಾರಾದರೂ, "ಆಸ್ಪತ್ರೆಯಲ್ಲಿ ಬಟ್ಟೆ ಒಗೀತಿದ್ರಂತೆ" ಎಂದರೆ ತಿದ್ದುತ್ತಿದ್ದಳು. "ಒಗೆಯೋದು ಯಂತ್ರ. ನಾನು ಮಡಚೋಳು." ಅದನ್ನು ಹೆಚ್ಚುಗಾರಿಕೆಯಿಂದ ಹೇಳುತ್ತಿರಲಿಲ್ಲ. ಬಸ್ಸಿನ ಡ್ರೈವರನ್ನು ಯಾರಾದರೂ ಕಂಡಕ್ಟರ್ ಎಂದು ಕರೆದರೆ ಅವನು ತಿದ್ದುವುದಿಲ್ಲವೇ, ಹಾಗೆ ತಿದ್ದುತ್ತಿದ್ದಳು.

ಅವಳ ಅಪ್ಪ, ಅಂದರೆ ನಮ್ಮ ಅಜ್ಜ, ಮನೆಗಳ ಗೋಡೆಗೆ ಬಣ್ಣ ಬಳಿಯುವ ಕೆಲಸದವನು. ಐದು ಮಕ್ಕಳಲ್ಲಿ ಅಮ್ಮ ಮೊದಲನೆಯವಳು. ಅವಳಿಗೆ ಹನ್ನೊಂದು ತುಂಬುವ ಹೊತ್ತಿಗೆ ಅಜ್ಜಿ ತೀರಿಕೊಂಡಳು. ಆ ದಿನದ ಬಗ್ಗೆ ಕೇಳಿದಾಗೆಲ್ಲ ಅಮ್ಮ ಹೇಳುತ್ತಿದ್ದದ್ದು ಇಷ್ಟೇ: "ಅವತ್ತು ಶಾಲೆಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ." ಮನೆಯೆಂದರೆ ಒಂದೇ ಕೋಣೆ. ಆರು ಜನರ ಹಾಸಿಗೆ ಹೊದಿಕೆಗಳನ್ನು ಬೆಳಿಗ್ಗೆ ಎದ್ದ ಕೂಡಲೇ ಮಡಚಿ ಮೂಲೆಗೆ ಒಟ್ಟದೇ ಇದ್ದರೆ ಒಲೆ ಹಚ್ಚಲು ಜಾಗವಿರುತ್ತಿರಲಿಲ್ಲ. ಎಷ್ಟು ಬಿಗಿಯಾಗಿ ಮಡಚಿದರೆ ಮನೆ ಅಷ್ಟು ದೊಡ್ಡದಾಗುತ್ತಿತ್ತು. ತಂಗಿಯರಿಬ್ಬರನ್ನೂ ತಮ್ಮಂದಿರಿಬ್ಬರನ್ನೂ ಅವಳು ಸಾಕಿದ್ದು ಆ ಕೋಣೆಯಲ್ಲೇ.

ಇಪ್ಪತ್ತಕ್ಕೆ ಮದುವೆಯಾಯಿತು. ಅಪ್ಪನಿಗೆ ಬಸ್ ಡಿಪೋದ ಟೈರು ವಿಭಾಗದಲ್ಲಿ ಕೆಲಸ. ಗಟ್ಟಿಮುಟ್ಟಾದ ಆಳು, ಮಾತು ಮಾತ್ರ ಬಲು ಕಡಿಮೆ. ಅಮ್ಮನ ದೊಡ್ಡ ತಮ್ಮ, ನಮ್ಮ ಸೋದರಮಾವ, ಬಂದಾಗೆಲ್ಲ ಗೇಲಿ ಮಾಡುತ್ತಿದ್ದ: "ಭಾವನ ಬಾಯಿ ತೆಗೆಸ್ಬೇಕಂದ್ರೆ ಜಾಕ್ ಹಾಕ್ಬೇಕು." ಮದುವೆಯಾಗಿ ಎಂಟನೇ ವರ್ಷ ಡಿಪೋದಲ್ಲಿ ಜಾಕ್ ಜಾರಿ, ಬಸ್ಸಿನ ಚಕ್ರ ಅಪ್ಪನ ಬಲಗಾಲಿನ ಮೇಲೆ ಬಿತ್ತು. ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು. ಮಾವ ಆ ತಮಾಷೆಯನ್ನು ಮತ್ತೆಂದೂ ಆಡಲಿಲ್ಲ.

ಆಗ ಅಣ್ಣನಿಗೆ ಆರು ವರ್ಷ, ನನಗೆ ನಾಲ್ಕು. ನಮ್ಮಿಬ್ಬರನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಅಮ್ಮ ದಿನವೂ ಮಧ್ಯಾಹ್ನ ಆಸ್ಪತ್ರೆಗೆ ಹೋಗುತ್ತಿದ್ದಳು. ಅಪ್ಪ ನಾಲ್ಕು ತಿಂಗಳು ಅಲ್ಲಿದ್ದ. ಇಪ್ಪತ್ತು ಹಾಸಿಗೆಗಳ ವಾರ್ಡು. ಅಪ್ಪ ಮಾತಾಡುವವನಲ್ಲ, ಅಮ್ಮ ಸುಮ್ಮನೆ ಕೂರುವವಳಲ್ಲ. ಮೊದಲು ಅಪ್ಪನ ಹಾಸಿಗೆಯ ಬಟ್ಟೆ ಸರಿ ಮಾಡಿದಳು. ಆಮೇಲೆ ಪಕ್ಕದವರದ್ದು. ಒಂದು ವಾರದಲ್ಲಿ ಇಡೀ ಸಾಲಿನ ಹೊದಿಕೆಗಳು ಒಂದೇ ಅಳತೆಯಲ್ಲಿ ಕಾಲಬುಡದಲ್ಲಿ ಕೂತಿದ್ದವು. ಆ ವಾರ್ಡಿನ ದೊಡ್ಡ ಸಿಸ್ಟರ್ ಎಲ್ಲರೂ ಹೆದರುತ್ತಿದ್ದ ಹೆಂಗಸು. ಒಂದು ದಿನ ಬಂದು ಕೇಳಿದರು.

"ಇದನ್ನೆಲ್ಲ ಮಡಚಿದ್ದು ಯಾರು?"

ಅಮ್ಮ ಎದ್ದು ನಿಂತಳು. "ನಾನೇ. ತಪ್ಪಾಯ್ತಾ?"

"ಎಲ್ಲಿ ಕಲಿತೆ?"

"ಮಡಚೋದನ್ನ ಯಾರಾದ್ರೂ ಕಲಿಸ್ತಾರಾ?"

ಸಿಸ್ಟರ್ ಒಂದು ಹೊದಿಕೆಯನ್ನು ಬಿಡಿಸಿದರು, ಅಂಚು ನೋಡಿದರು, ಹಾಗೇ ಅಮ್ಮನ ಕೈಗೆ ಕೊಟ್ಟರು. ಅಮ್ಮ ಮತ್ತೆ ಮಡಚಿದಳು. "ನಾಳೆ ಬೆಳಿಗ್ಗೆ ಏಳಕ್ಕೆ ಕೆಳಗೆ ಲಾಂಡ್ರಿಗೆ ಹೋಗು. ನಾನು ಹೇಳಿರ್ತೀನಿ" ಎಂದರು. ಅಪ್ಪ ಹಾಸಿಗೆಯಿಂದ ಎಲ್ಲ ನೋಡುತ್ತಿದ್ದ. ಹೋಗಲೇ ಎಂದು ಅಮ್ಮ ಕೇಳಿದ್ದಕ್ಕೆ, "ಮೆಟ್ಟಿಲು ಜೋಪಾನ" ಎಂದನಂತೆ. ಅವನ ಲೆಕ್ಕದಲ್ಲಿ ಅದು ಒಪ್ಪಿಗೆ.

ಲಾಂಡ್ರಿ ಇದ್ದದ್ದು ಆಸ್ಪತ್ರೆಯ ಹಿಂಭಾಗದಲ್ಲಿ, ಆರು ಮೆಟ್ಟಿಲು ಕೆಳಗೆ. ಕಿಟಕಿಗಳೆಲ್ಲ ಸೂರಿನ ಎತ್ತರದಲ್ಲಿ. ಅವುಗಳಲ್ಲಿ ಹೊರಗೆ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಅಮ್ಮನಿಗೆ ಆಸ್ಪತ್ರೆಯ ಅರ್ಧ ಜನರ ಮುಖ ಗೊತ್ತಿರಲಿಲ್ಲ, ಚಪ್ಪಲಿ ಗೊತ್ತಿತ್ತು. ಒಳಗೆ ನಾಲ್ಕು ದೊಡ್ಡ ಒಗೆಯುವ ಯಂತ್ರಗಳು, ಎರಡು ಹಿಂಡುವ ಯಂತ್ರಗಳು, ಆಮೇಲೆ ಇಸ್ತ್ರಿ ರೋಲರ್. ಅದು ಆವಿಯಿಂದ ಕಾದ, ಆಳುದ್ದದ ಜೋಡಿ ಉರುಳೆ. ಒದ್ದೆ ಬೆಡ್‌ಶೀಟಿನ ಅಂಚನ್ನು ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆಯಿಂದ ಒಣಗಿ, ಚಪ್ಪಟೆಯಾಗಿ ಹೊರಬರುತ್ತಿತ್ತು. ಅಲ್ಲಿ ಇಬ್ಬಿಬ್ಬರು ನಿಂತು ಹಿಡಿದು ಮಡಚಬೇಕು. ದಿನಕ್ಕೆ ನಾನ್ನೂರು, ಕೆಲವು ದಿನ ಐನೂರು.

ಅಮ್ಮನಿಗೆ ಜೋಡಿಯಾಗಿ ಸಿಕ್ಕವಳನ್ನು ಎಲ್ಲರೂ ಉದ್ದಕ್ಕ ಎನ್ನುತ್ತಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಅಮ್ಮ ಗಿಡ್ಡ. ಮೊದಲ ದಿನ ಇಬ್ಬರೂ ಹಿಡಿದ ಬೆಡ್‌ಶೀಟು ಜಾರುಬಂಡೆಯ ಹಾಗೆ ನಿಂತಿತಂತೆ. ಉದ್ದಕ್ಕ ಹೋಗಿ, ಸೋಪು ಬರುತ್ತಿದ್ದ ಮರದ ಪೆಟ್ಟಿಗೆಯೊಂದನ್ನು ತಂದು ಅಮ್ಮನ ಮುಂದೆ ಬೋರಲು ಹಾಕಿದಳು. ಅಮ್ಮ ಅದನ್ನು ಹತ್ತಿ ನಿಂತಳು. ಆಮೇಲೆ ಅದು ಅವಳ ಜಾಗವೇ ಆಯಿತು. ಪೆಟ್ಟಿಗೆ ಮುರಿದಾಗ ಹೊಸದು ಬರುತ್ತಿತ್ತು, ಅಷ್ಟೇ.

ಯಂತ್ರಗಳು ಶುರುವಾದರೆ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಹೀಗಾಗಿ ಅಲ್ಲಿನವರದ್ದೇ ಒಂದು ಕೈಮಾತು ಇತ್ತು. ಮೀಸೆ ತಿರುವಿದರೆ ಮೇಸ್ತ್ರಿ ಬಂದ, ಅಂದರೆ ಲಾಂಡ್ರಿಯ ಉಸ್ತುವಾರಿಯವನು. ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಮಾಡಿದರೆ ದೊಡ್ಡ ಸಿಸ್ಟರ್. ಹೊಟ್ಟೆಯ ಮೇಲೆ ಕೈಯಿಟ್ಟರೆ ಊಟದ ಹೊತ್ತು. ಇದು ಬರಬರುತ್ತಾ ಬೆಳೆದು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಅತ್ತೆ ಬಾಯಿ ಜೋರು ಎಂಬುದನ್ನೆಲ್ಲ ಕೈಯಲ್ಲೇ ಹೇಳುವ ಮಟ್ಟಕ್ಕೆ ಬಂದಿತ್ತು. ನೋಡುವವರಿಗೆ ಕೆಲಸ ನಡೆಯುತ್ತಿದೆ ಎನಿಸುತ್ತಿತ್ತು.

ಅಮ್ಮನಿಂದ ನಾವೂ ಕಲಿತೆವು. ಅಷ್ಟರಲ್ಲಿ ತಮ್ಮನೂ ಹುಟ್ಟಿ ದೊಡ್ಡವನಾಗಿದ್ದ. ಅಪ್ಪನಿಗೆ ತಿಳಿಯದ ಹಾಗೆ ಮಾತಾಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ ಎಂದು ನಾವು ಮೂವರೂ ಊಟಕ್ಕೆ ಕೂತಾಗ ಕೈಯಾಡಿಸುತ್ತಿದ್ದೆವು. ಒಂದು ಭಾನುವಾರ ತಮ್ಮನ ಕ್ಲಾಸ್ ಟೀಚರ್ ನಮ್ಮ ಬೀದಿಯಲ್ಲಿ ಬರುತ್ತಿದ್ದರು. ಕಿಟಕಿಯ ಹತ್ತಿರ ಕೂತಿದ್ದ ಅಪ್ಪ ತಮ್ಮನ ಕಡೆ ತಿರುಗಿ, ಒಂದು ಮಾತೂ ಇಲ್ಲದೆ, ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಮಾಡಿದ. ತಮ್ಮ ಹಿತ್ತಿಲ ಬಾಗಿಲಿನಿಂದ ಮಾಯವಾದ. ಟೀಚರ್ ಹೋದ ಮೇಲೆ ಅಮ್ಮ ಕೇಳಿದಳು.

"ನಿಮಗೆ ಯಾರ್ರೀ ಕಲಿಸಿದ್ದು?"

"ಹದಿನೈದು ವರ್ಷದಿಂದ ನೋಡ್ತಾ ಇದ್ದೀನಲ್ಲ" ಎಂದ ಅಪ್ಪ.

ಅಷ್ಟು ವರ್ಷ ನಾವು ಅವನ ಎದುರಿಗೇ ಏನೇನು ಆಡಿಕೊಂಡಿದ್ದೆವು ಎಂದು ನೆನೆದು ಅಣ್ಣ ಎರಡು ದಿನ ಅವನ ಮುಖ ನೋಡಲಿಲ್ಲ.

ಕೊಳೆ ಬಟ್ಟೆಯ ಮೂಟೆಗಳಲ್ಲಿ ಏನೇನೋ ಸಿಗುತ್ತಿತ್ತು. ಕನ್ನಡಕ, ಪೆನ್ನು, ಅರ್ಧ ಬರೆದ ಕಾಗದ, ಮಕ್ಕಳ ಗೊಂಬೆ. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿತು, ಮೇಲಿನದು ಕೆಳಗಿನದು ಎರಡೂ. ಅಮ್ಮ ಅದನ್ನು ತೊಳೆದು, ಕರವಸ್ತ್ರದಲ್ಲಿ ಸುತ್ತಿಕೊಂಡು, ಊಟದ ಹೊತ್ತಿನಲ್ಲಿ ಗಂಡಸರ ವಾರ್ಡಿಗೆ ಹೋದಳು. ಹಲ್ಲಿಲ್ಲದ ಮುದುಕರು ಅಲ್ಲಿ ಮೂವರು. ಮೊದಲನೆಯವನು ಅದನ್ನು ನೋಡಿದ ಕೂಡಲೇ ಇಸಿದುಕೊಂಡು ಬಾಯಿಗೆ ಹಾಕಿಕೊಂಡ. ಹಲ್ಲು ಕಡಿದು ನೋಡಿ, "ಚೆನ್ನಾಗಿದೆ" ಎಂದ.

"ನಿಮ್ಮದೇನಾ ತಾತ?"

"ನಂದಲ್ಲ. ಆದ್ರೆ ಚೆನ್ನಾಗಿ ಕೂರುತ್ತೆ."

ಮೂರನೇ ಹಾಸಿಗೆಯಿಂದ ಇನ್ನೊಬ್ಬ ಮುದುಕ ಬೊಚ್ಚು ಬಾಯಲ್ಲೇ ಕೂಗಾಡತೊಡಗಿದ. ಅಮ್ಮ ಹಲ್ಲು ವಾಪಸು ತೆಗೆಸಿ, ಮತ್ತೆ ತೊಳೆದು, ಅವನಿಗೆ ಕೊಡುವ ಹೊತ್ತಿಗೆ ಊಟದ ಸಮಯ ಮುಗಿದುಹೋಗಿತ್ತು. ಇದನ್ನು ಅವಳು ನಮಗೆ ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲವೂ ಮೊದಲನೇ ಮುದುಕನ ಪರವಾಗಿಯೇ ಮಾತಾಡುತ್ತಿದ್ದಳು. "ಅವನಿಗೆ ನಿಜವಾಗ್ಲೂ ಚೆನ್ನಾಗಿ ಕೂತಿತ್ತು" ಎನ್ನುತ್ತಿದ್ದಳು.

ಅಮ್ಮನಿಗೆ ನಲವತ್ತಾರು ಇದ್ದಾಗ ಲಾಂಡ್ರಿಯಲ್ಲಿ ಆ ಅವಘಡ ನಡೆಯಿತು. ರೋಲರಿಗೆ ಬಟ್ಟೆ ಕೊಡುವ ಕಡೆಯಲ್ಲಿ ಒಂದು ಕಬ್ಬಿಣದ ಅಡ್ಡಪಟ್ಟಿ ಇರುತ್ತಿತ್ತು. ಕೈ ಹೆಚ್ಚು ಹತ್ತಿರ ಹೋಗಿ ಆ ಪಟ್ಟಿಗೆ ತಾಗಿದರೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಆದರೆ ಬಟ್ಟೆಯ ಗಂಟು ತಾಗಿದರೂ ನಿಲ್ಲುತ್ತಿತ್ತು, ದಿನಕ್ಕೆ ಹತ್ತಿಪ್ಪತ್ತು ಸಲ. ಆ ವರ್ಷ ಆಸ್ಪತ್ರೆಗೆ ಹೊಸ ಕಟ್ಟಡ ಸೇರಿ ಬಟ್ಟೆ ಹೆಚ್ಚಿತ್ತು, ಜನ ಹೆಚ್ಚಿರಲಿಲ್ಲ. ಮೇಸ್ತ್ರಿ ಪಟ್ಟಿಯನ್ನು ಬಿಚ್ಚಿಸಿ ಗೋಡೆಗೆ ಒರಗಿಸಿದ. ಯಾರೂ ಏನೂ ಅನ್ನಲಿಲ್ಲ, ಅಮ್ಮನೂ ಅನ್ನಲಿಲ್ಲ. ಕೆಲಸ ಬೇಗ ಸಾಗುತ್ತಿತ್ತು.

ಮೂರು ವಾರದ ಮೇಲೆ ರೋಲರಿಗೆ ಬಟ್ಟೆ ಕೊಡುವವಳು ರಜೆ ಹಾಕಿದಳು. ಅವಳ ಜಾಗಕ್ಕೆ ಉದ್ದಕ್ಕ ನಿಂತಳು. ಬೆಳಿಗ್ಗೆ ಹತ್ತು ಗಂಟೆ. ಅಮ್ಮ ಇನ್ನೊಂದು ತುದಿಯಲ್ಲಿ ಹೊರಬರುವ ಬೆಡ್‌ಶೀಟು ಹಿಡಿಯಲು ಕೈ ಚಾಚಿದವಳು ಉದ್ದಕ್ಕನ ಮುಖ ನೋಡಿದಳು. ಬಾಯಿ ಪೂರ್ತಿ ತೆರೆದಿತ್ತು. ಸದ್ದು ಕೇಳಲಿಲ್ಲ. ಅಮ್ಮನಿಗೆ ಮೊದಲು ಅವಳು ಆಕಳಿಸುತ್ತಿದ್ದಾಳೆ ಎನಿಸಿತಂತೆ. ಒಂದು ಗಳಿಗೆ ಹಾಗೇ ನಿಂತಳಂತೆ. ಆಮೇಲೆ ಪೆಟ್ಟಿಗೆಯಿಂದ ಹಾರಿ ಓಡಿ ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು. ಎಲ್ಲ ಯಂತ್ರಗಳೂ ಒಟ್ಟಿಗೆ ನಿಂತವು. ಆಗ ಕೂಗು ಕೇಳಿಸಿತು.

ಉದ್ದಕ್ಕನ ಎಡಗೈಯ ಎರಡು ಬೆರಳು ಹೋದವು. ಕೆಲಸ ಮಾಡುತ್ತಿದ್ದದ್ದೇ ಆಸ್ಪತ್ರೆಯಲ್ಲಾದ್ದರಿಂದ ಮಿಕ್ಕ ಕೈ ಉಳಿಯಿತು ಎಂದು ಆಮೇಲೆ ಜನ ಹೇಳಿದರು. ಆ ಒಂದು ಗಳಿಗೆ ತಾನು ಸುಮ್ಮನೆ ನಿಂತದ್ದರ ಬಗ್ಗೆ ಅಮ್ಮ ಉದ್ದಕ್ಕನಿಗೆ ಹೇಳಿದಳೋ ಇಲ್ಲವೋ ನನಗೆ ತಿಳಿಯದು. ನನಗೆ ಹೇಳಿದ್ದು ಅವಳಿಗೆ ಎಂಬತ್ತು ದಾಟಿದ ಮೇಲೆ.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ಹಿಂದಿನ ದಿನ ಮೇಸ್ತ್ರಿ ಎಲ್ಲರನ್ನೂ ಸೇರಿಸಿ ಮಾತಾಡಿದ. ಅವನು ಕೆಟ್ಟವನೇನಲ್ಲ, ಹೆದರಿದ್ದ.

"ನೋಡ್ರಮ್ಮ, ಆದದ್ದು ಆಗಿಹೋಯ್ತು. ಪಟ್ಟಿ ಇತ್ತು, ಅವಳೇ ಮಾತಾಡ್ತಾ ಆ ಕಡೆ ತಿರುಗಿದ್ಲು ಅಂತ ಹೇಳಿ. ಅವಳಿಗೇನೂ ತೊಂದ್ರೆ ಆಗಲ್ಲ, ಔಷಧಿ ಎಲ್ಲ ಕೊಡಿಸ್ತಾರೆ. ನಾನೂ ಮಕ್ಕಳೊಂದಿಗ."

ಅಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದಳು. ಅಪ್ಪ ಕಾಲು ಮುರಿದ ಮೇಲೆ ಡಿಪೋದಲ್ಲಿ ಗೇಟಿನ ಹತ್ತಿರ ಕೂರುವ ಕೆಲಸದಲ್ಲಿದ್ದ. ಅಣ್ಣ ಇನ್ನೂ ಕೆಲಸ ಹುಡುಕುತ್ತಿದ್ದ, ನಾನು ಔಷಧಿ ಅಂಗಡಿಗೆ ಸೇರಿ ಆಗಷ್ಟೇ ಎರಡು ತಿಂಗಳು. ಕೆಲಸ ಹೋದರೆ ಏನು ಗತಿ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಅಪ್ಪ ಬಹಳ ಹೊತ್ತು ಕಾಲು ನೀವಿಕೊಳ್ಳುತ್ತಾ ಕೂತಿದ್ದ. ಕೊನೆಗೆ, "ನನ್ನ ಜಾಕ್ ಹಳೇದಾಗಿತ್ತು. ಯಾರೂ ಹೇಳಲಿಲ್ಲ" ಎಂದ. ಹದಿನೆಂಟು ವರ್ಷದಲ್ಲಿ ಅವನು ಆ ವಿಷಯ ಎತ್ತಿದ್ದು ಅದೇ ಮೊದಲು.

ಮರುದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು. ಅಮ್ಮನದು ಐದನೇ ಸರದಿ. ಹೋಗಿ ಬಂದವರೆಲ್ಲ ನೆಲ ನೋಡುತ್ತಾ ಬಂದಿದ್ದರು.

"ಅಪಘಾತ ಆದಾಗ ಅಡ್ಡಪಟ್ಟಿ ಎಲ್ಲಿತ್ತು?"

"ಗೋಡೆಗೆ ಒರಗಿತ್ತು ಸಾರ್. ಬಾಗಿಲ ಹಿಂದೆ."

"ಯಾವಾಗಿನಿಂದ?"

"ಮೂರು ವಾರ. ದಿನಾ ಗುಡಿಸುವಾಗ ನಾನೇ ಆ ಕಡೆ ಈ ಕಡೆ ಸರಿಸ್ತಿದ್ದೆ."

"ನಿಮ್ಮ ಮುಂಚೆ ಬಂದವರು ಯಾರೂ ಹೀಗೆ ಹೇಳಲಿಲ್ಲವಲ್ಲ?"

"ಅವರು ಗುಡಿಸ್ತಿರಲಿಲ್ಲ" ಎಂದಳು ಅಮ್ಮ.

ಆರನೆಯವಳಿಂದ ಮುಂದಕ್ಕೆ ಎಲ್ಲರೂ ಇದ್ದದ್ದನ್ನೇ ಹೇಳಿದರು. ಪಟ್ಟಿ ಮತ್ತೆ ತನ್ನ ಜಾಗಕ್ಕೆ ಬಂತು. ಮೇಸ್ತ್ರಿಯನ್ನು ಉಗ್ರಾಣಕ್ಕೆ ಹಾಕಿದರು. ಹೊಸ ಮೇಸ್ತ್ರಿ ಬಂದು, ಯಾವ ಕಾರಣವನ್ನೂ ಕೊಡದೆ, ಅಮ್ಮನನ್ನು ಕೊಳೆ ಬಟ್ಟೆ ಬೇರ್ಪಡಿಸುವ ಕೋಣೆಗೆ ಕಳಿಸಿದ. ರಕ್ತ, ಕೀವು, ವಾಂತಿ, ಮಲ. ಎಲ್ಲರೂ ತಪ್ಪಿಸಿಕೊಳ್ಳಲು ನೋಡುತ್ತಿದ್ದ ಕೋಣೆ ಅದು. ಇದು ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಅಲ್ಲಿ ಅವಳು ಹದಿಮೂರು ತಿಂಗಳು ಇದ್ದಳು. ಮನೆಗೆ ಬಂದರೆ ಮೊದಲು ಹಿತ್ತಿಲಿಗೆ ಹೋಗಿ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದಳು. ದೂರಿದ್ದು ನಾನು ಕೇಳಿಲ್ಲ. ಆದರೆ ಆ ವರ್ಷ ಅವಳು ತಿನ್ನುವುದು ಕಡಿಮೆಯಾಗಿತ್ತು, ನಮ್ಮ ಮೇಲೆ ಸಣ್ಣಪುಟ್ಟದಕ್ಕೆಲ್ಲ ರೇಗುತ್ತಿದ್ದಳು. ಒಮ್ಮೆ ತಮ್ಮನಿಗೆ ಸೌಟಿನಲ್ಲಿ ಹೊಡೆದಳು. ಆಮೇಲೆ ಅವನ ಪಕ್ಕದಲ್ಲೇ ಕೂತು ಊಟ ಬಡಿಸಿದಳು.

ಉದ್ದಕ್ಕ ನಾಲ್ಕು ತಿಂಗಳಿಗೆ ವಾಪಸಾದಳು. ಮೂರು ಬೆರಳಿನ ಕೈಯಲ್ಲಿ ಅಂಚು ಹಿಡಿಯುವುದನ್ನು ಹೊಸದಾಗಿ ಕಲಿತಳು. ಅವಳಿಗೆ ಒಬ್ಬ ಹುಡುಗಿಯನ್ನು ಜೋಡಿ ಮಾಡಿದರು. ಉದ್ದಕ್ಕ ಪ್ರತಿ ಸೋಮವಾರ ಮೇಸ್ತ್ರಿಯ ಮೇಜಿನ ಮುಂದೆ ಹೋಗಿ ನಿಂತು, "ನನ್ನ ಜೋಡಿನ ಕೊಡಿ" ಎನ್ನುತ್ತಿದ್ದಳಂತೆ. ಆ ಎತ್ತರದ ಹೆಂಗಸು ವಾರಕ್ಕೊಮ್ಮೆ ಬಂದು ತಲೆಯ ಮೇಲೆ ನಿಂತರೆ ಯಾವ ಮೇಸ್ತ್ರಿ ಎಷ್ಟು ದಿನ ತಡೆದಾನು. ಹದಿಮೂರನೇ ತಿಂಗಳು ಅಮ್ಮ ಮತ್ತೆ ಪೆಟ್ಟಿಗೆ ಹತ್ತಿದಳು.

ಐವತ್ತೆಂಟಕ್ಕೆ ನಿವೃತ್ತಿಯಾಯಿತು. ಬೀಳ್ಕೊಡುಗೆಯ ದಿನ ನಾವೆಲ್ಲ ಹೋಗಿದ್ದೆವು. ಆಸ್ಪತ್ರೆಯ ಮುಖ್ಯಸ್ಥರು ಅಮ್ಮನ ಬಗ್ಗೆ ಐದು ನಿಮಿಷ ಮಾತಾಡಿದರು. ಅಮ್ಮ ತಲೆಯಾಡಿಸುತ್ತಾ ಕೇಳಿದಳು. ಕೊನೆಗೆ ಅವರು, "ಇಷ್ಟು ವರ್ಷದಲ್ಲಿ ನಿಮಗೆ ಅತಿ ಕಷ್ಟ ಅನಿಸಿದ್ದು ಏನಮ್ಮ?" ಎಂದು ಕೇಳಿದರು. ಅಮ್ಮ, "ಮೂರು ಮಕ್ಕಳು ಸಾರ್, ಎಲ್ಲರೂ ಬಂದಿದ್ದಾರೆ" ಎಂದಳು. ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಅಮ್ಮ ಜಾಣೆ ಎಂದುಕೊಂಡರು. ನಾವೂ ಹಾಗೆಯೇ ಅಂದುಕೊಂಡೆವು.

ಅವಳಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದು ನಮಗೆ ತಿಳಿಯಲು ಇನ್ನೂ ಒಂಬತ್ತು ವರ್ಷ ಬೇಕಾಯಿತು. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಮೊದಲಿನಿಂದಲೂ ಅರ್ಧ ಕೈಯಲ್ಲೇ ಮಾತಾಡುತ್ತಿದ್ದೆವು. ಅಪ್ಪ ಮಾತೇ ಆಡುತ್ತಿರಲಿಲ್ಲ. ಅಮ್ಮ ಎದುರಿಗಿರುವವರ ತುಟಿ ನೋಡಿ ತಿಳಿಯುವುದನ್ನು ಲಾಂಡ್ರಿಯಲ್ಲೇ ಕಲಿತಿದ್ದಳು. ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಏನೋ ಯೋಚನೆಯಲ್ಲಿದ್ದಾಳೆ ಎಂದುಕೊಳ್ಳುತ್ತಿದ್ದೆವು. ಅವಳೂ ಹೇಳಲಿಲ್ಲ.

ಅಪ್ಪ ಶ್ವಾಸಕೋಶದ ತೊಂದರೆಯಿಂದ ಹಾಸಿಗೆ ಹಿಡಿದ. ಕೊನೆಯ ದಿನ ಮಧ್ಯಾಹ್ನ ಅವನ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದ್ದರು. ಹಾಸಿಗೆಯ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ನಾನು. ಅಪ್ಪ ಕಣ್ಣು ತೆರೆದು ಅಮ್ಮನನ್ನು ನೋಡಿ ಏನೋ ಹೇಳಿದ. ಅಮ್ಮ ಅವನ ಕೈ ಹಿಡಿದು, "ಸರಿ, ಆಗ್ಲಿ" ಎಂದಳು. ಒಂದು ಗಂಟೆಯಲ್ಲಿ ಅವನು ಹೋದ. ಅಮ್ಮನಿಗೆ ಆಗ ಅರವತ್ತೇಳು.

ಎಲ್ಲ ಮುಗಿದು ಒಂದು ವಾರವಾದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು.

"ಅವತ್ತು ಅವರು ಏನಂದ್ರೋ ನಂಗೆ ಗೊತ್ತಾಗಲಿಲ್ಲ. ಬಾಯಿ ಮುಚ್ಚಿತ್ತಲ್ಲ."

"ಬಾಯಿ ಮುಚ್ಚಿದ್ರೇನು? ಕೇಳಿಸಲಿಲ್ವಾ?" ಎಂದೆ. ಅವಳು ಒರೆಸುತ್ತಲೇ ಇದ್ದಳು. ಎದುರಿಗೆ ಬಂದು ನಿಂತು ಅದನ್ನೇ ಮತ್ತೆ ಕೇಳಿದೆ.

"ಕೇಳಿಸಿ ಎಷ್ಟು ವರ್ಷ ಆಯ್ತು" ಎಂದಳು.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಮೂವತ್ತು ವರ್ಷದ ಯಂತ್ರದ ಸದ್ದು ಒಳಕಿವಿಯನ್ನು ತಿಂದುಹಾಕಿದೆ ಎಂದರು. ನನಗೆ ಸಿಟ್ಟು ಬಂತು. ಕಿವಿಗೆ ಇಡಲು ಏನಾದರೂ ಕೊಡಬೇಕಿತ್ತು, ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕಿತ್ತು, ಅದೂ ಆಸ್ಪತ್ರೆಯಲ್ಲಿ ಎಂದೆಲ್ಲ ದಾರಿಯುದ್ದಕ್ಕೂ ಹೇಳಿದೆ. ಅಮ್ಮ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನನ್ನ ಒಂದು ಮಾತೂ ಅವಳಿಗೆ ಕೇಳಿಸಿರಲಿಲ್ಲ.

ಕಿವಿಗೆ ಯಂತ್ರ ಹಾಕಿಸಿದೆವು. ಮೂರು ದಿನ ಇಟ್ಟುಕೊಂಡಳು. ನಾಲ್ಕನೇ ದಿನ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಇದರಲ್ಲಿ ನಿಮ್ಮ ಮಾತು ಬರಲ್ಲ, ಲಾಂಡ್ರಿನೇ ಬರುತ್ತೆ. ಅಲ್ಲಿಂದ ರಿಟೈರ್ ಆಗಿದ್ದೀನಿ." ಆಮೇಲೆ ನಾವು ಒಂದು ಸ್ಲೇಟು ತಂದೆವು. ಕೈಮಾತಿಗೆ ನಿಲುಕದ್ದನ್ನು ಅದರಲ್ಲಿ ಬರೆಯುತ್ತಿದ್ದೆವು. ಐದನೇ ತರಗತಿಯ ಓದಿನಲ್ಲಿ ಅವಳು ನಿಧಾನವಾಗಿ, ತುಟಿಯಾಡಿಸುತ್ತಾ ಓದುತ್ತಿದ್ದಳು.

ಅಪ್ಪನ ಕೊನೆಯ ಮಾತು ನನಗೆ ಕೇಳಿಸಿತ್ತು. ಅದನ್ನು ಅವಳಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅದು ತೀರಾ ಸಣ್ಣ ಮಾತಾಗಿತ್ತು. ಅವಳು ಇನ್ನೇನನ್ನೋ ಊಹಿಸಿಕೊಂಡಿದ್ದರೆ ಅದೇ ಇರಲಿ ಎಂದುಕೊಂಡೆ. ಹನ್ನೊಂದು ವರ್ಷ ಹಾಗೇ ಕಳೆಯಿತು. ಅಷ್ಟರಲ್ಲಿ ಅವಳು ಅಣ್ಣನ ಮನೆಯಿಂದ ನನ್ನ ಮನೆಗೆ ಬಂದಿದ್ದಳು. ಅಣ್ಣನದು ಮೂರನೇ ಮಹಡಿ, ನನ್ನದು ನೆಲಮಟ್ಟ. ಒಂದು ಸಂಜೆ ಅವಳಾಗಿಯೇ, "ನಾನು 'ಸರಿ, ಆಗ್ಲಿ' ಅಂದ್ಬಿಟ್ಟೆ. ಏನಕ್ಕೆ ಸರಿ ಅಂದೆನೋ. ಏನಾದ್ರೂ ಮಾಡು ಅಂದಿದ್ರೆ, ಮಾಡೋದು ಬಾಕಿ ಉಳಿದುಬಿಡ್ತು" ಎಂದಳು. ಇಷ್ಟು ವರ್ಷ ಅವಳನ್ನು ಕೊರೆಯುತ್ತಿದ್ದದ್ದು ಅದು ಎಂದು ನನಗೆ ಹೊಳೆದಿರಲಿಲ್ಲ. ಸ್ಲೇಟು ತೆಗೆದುಕೊಂಡು ಬರೆದೆ. "ಇವತ್ತು ನಲ್ಲಿಯಲ್ಲಿ ನೀರು ಬಂತಾ?" ಅಪ್ಪ ಕೇಳಿದ್ದು ಅದೇ.

ಅವಳು ಎರಡು ಸಲ ಓದಿದಳು. "ಇಷ್ಟೇನಾ?"

ಹೌದೆಂದು ತಲೆಯಾಡಿಸಿದೆ.

"ಅವತ್ತು ಬಂದಿತ್ತು" ಎಂದಳು. ಆಮೇಲೆ ನಗತೊಡಗಿದಳು. ನಗುವಿನ ಮಧ್ಯೆ ಕಣ್ಣೊರೆಸಿಕೊಂಡು, "ಮೊದ್ಲೇ ಹೇಳಬಾರದಿತ್ತೇನೇ? ಹನ್ನೊಂದು ವರ್ಷ ತಲೆ ಕೆಡಿಸಿಕೊಂಡಿದ್ದೆ" ಎಂದು ಸ್ಲೇಟಿನಿಂದ ನನ್ನ ಮೊಣಕೈಗೆ ಹೊಡೆದಳು. ಸರಿಯಾಗಿಯೇ ಬಿತ್ತು.

ಉದ್ದಕ್ಕ ಪ್ರತಿ ಗುರುವಾರ ಬಸ್ಸಿನಲ್ಲಿ ಬರುತ್ತಿದ್ದಳು. ವಯಸ್ಸಾದ ಮೇಲೆ ಅವಳೂ ಬಾಗಿ ಅಮ್ಮನ ಎತ್ತರಕ್ಕೆ ಬಂದಿದ್ದಳು. ಅವಳ ಕಿವಿಯೂ ಅಷ್ಟಕ್ಕಷ್ಟೇ. ಇಬ್ಬರೂ ಹಜಾರದಲ್ಲಿ ಎದುರುಬದುರು ಕೂತು ಮೂರು ಗಂಟೆ ಒಂದು ಸದ್ದೂ ಇಲ್ಲದೆ ಹರಟುತ್ತಿದ್ದರು. ಉದ್ದಕ್ಕನ ಮಾತಿನಲ್ಲಿ ಎರಡು ಬೆರಳು ಕಡಿಮೆ ಇದ್ದರೂ ಅಮ್ಮನಿಗೆ ಎಲ್ಲ ಅರ್ಥವಾಗುತ್ತಿತ್ತು. ನಡುನಡುವೆ ಇಬ್ಬರೂ ಒಟ್ಟಿಗೆ ನಗುತ್ತಿದ್ದರು. ಆ ಸದ್ದು ಮಾತ್ರ ಬೀದಿಗೂ ಕೇಳುತ್ತಿತ್ತು. ನನ್ನ ಮಗಳು ಅವರ ಹತ್ತಿರ ಕೂತು, ನಮಗೆ ಯಾರಿಗೂ ಗೊತ್ತಿಲ್ಲದ ಬೈಗುಳಗಳನ್ನೆಲ್ಲ ಕೈಯಲ್ಲಿ ಕಲಿತಳು.

ಅಮ್ಮನಿಗೆ ಎಂಬತ್ತನಾಲ್ಕಿದ್ದಾಗ ಉದ್ದಕ್ಕ ಹೋದಳು. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಅವಳು ಅಳಲಿಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದಳು. ಮುಂದಿನ ಗುರುವಾರ ಎಂದಿನಂತೆ ತಲೆ ಬಾಚಿಕೊಂಡು ಹಜಾರದಲ್ಲಿ ಕೂತಳು. ಒಂದು ಗಂಟೆ ಕೂತಿದ್ದು ಎದ್ದು ಒಳಗೆ ಬಂದಳು. "ಇನ್ಮೇಲೆ ಗುರುವಾರ ನಂಗೆ ಬಿಡುವು" ಎಂದಳು. ಅವತ್ತಿನಿಂದ ಗುರುವಾರದ ದಿನ ಮಾತ್ರ ಅವಳು ಮಧ್ಯಾಹ್ನ ಮಲಗುತ್ತಿದ್ದಳು.

ಆಮೇಲಿನ ಏಳು ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಒಂದು ಸಲ ಬಿದ್ದಳು, ಮೂಳೆ ಮುರಿಯಲಿಲ್ಲ. ಕಣ್ಣಿನ ಪೊರೆ ತೆಗೆಸಿದೆವು. ಮೊಮ್ಮಕ್ಕಳ ಮಕ್ಕಳು ಹುಟ್ಟಿದರು. ಅವರ ಹೆಸರುಗಳನ್ನು ಅವಳು ಕೇಳಿಸಿಕೊಂಡವಳಲ್ಲ, ಸ್ಲೇಟಿನಲ್ಲಿ ಓದಿ ತನಗೆ ತೋಚಿದ ಹಾಗೆ ಕರೆಯುತ್ತಿದ್ದಳು. ಮಕ್ಕಳು ಆ ಹೆಸರಿಗೂ ಓಗೊಡುತ್ತಿದ್ದವು. ಅವಳು ಸುಖವಾಗಿದ್ದಳೇ ಎಂದು ಈಗ ಕೆಲವರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನಾನು ಕೇಳಿರಲಿಲ್ಲ. ಅದನ್ನು ಸ್ಲೇಟಿನ ಮೇಲೆ ಬರೆದು ತೋರಿಸಲು ಹೋಗಿದ್ದರೆ ನಗುತ್ತಿದ್ದಳೇನೋ.

ಹೋದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ತಿಂಡಿ ತಿಂದು, ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಕಾಲುಗುರು ಬೆಳೆದಿದ್ದವು. ಕತ್ತರಿಸೋಣವೆಂದು ನಾನು ಬಿಸಿನೀರಿನ ಬೇಸಿನ್ ತಂದಿಟ್ಟು ಅವಳ ಪಾದಗಳನ್ನು ಅದರಲ್ಲಿಳಿಸಿದೆ. ಎಡಗಾಲಿನ ಉಗುರು ಮುಗಿಸಿ ಬಲಗಾಲನ್ನು ಮೇಲೆತ್ತುವಾಗ ಅದು ಭಾರವಾಗಿತ್ತು. ತಲೆಯೆತ್ತಿ ನೋಡಿದೆ. ಬಲಗಾಲಿನದನ್ನೂ ಕತ್ತರಿಸಿ, ಎರಡೂ ಪಾದ ಒರೆಸಿ, ಆಮೇಲೆ ತಮ್ಮನಿಗೆ ಫೋನ್ ಮಾಡಿದೆ. ಅಣ್ಣನಿಗೆ ಅವನು ತಿಳಿಸಿದ. ಆಗ ಹನ್ನೊಂದೂಕಾಲು.